ಉಡಿಗೆ ಬಂದ ಹಿಡಿಮಣ್ಣು

“ಹೊಲಕ್ಕ ಉಡಿ ತುಂಬ್ರಿ ಅಮ್ಮಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಹೊಳ್ಳಿ ಒಂದು ಹಿಡಿ ಮಣ್ಣು ತಗೋಬ್ಯಾಡ್ರಿ. ಈ ಮಣ್ಣು ನಿಮ್ಮ ಉಡಿಗೆ ಬರಬಾರ್ದು.”

ಬದುವಿನ ಆಚೆ ನಿಂತು ಹುಲುಗಮ್ಮ ಆಡಿದ ಈ ಮಾತಿಗೆ ಕೊಟ್ರಬಸಪ್ಪ ಬಾಯ್ತುಂಬ ನಕ್ಕ. ಕೊಯಮತ್ತೂರಿನಲ್ಲಿ ಬೇಸಾಯ ಓದಿ ಬಂದವನ ನಗು ಅದು. ಸಿರುಗುಪ್ಪ ಸೀಮೆಯ ಕರೂರು ಹಳ್ಳಿಯ ಕೂಲಿ ಮುದುಕಿಯೊಬ್ಬಳ ಮಾತಿಗೆ ನಿಲ್ಲುವುದುಂಟೇ? ಬಳ್ಳಾರಿಯಲ್ಲೇ ಬೆಳೆದ ಆಸಾಮಿ. ಅಜ್ಜ ದೊಡ್ಡಬಸಪ್ಪ ಬಿಟ್ಟುಹೋಗಿದ್ದ ಈ ಎರೆ ಹೊಲವನ್ನು ತಾನೇ ಮಾಡುತ್ತೇನೆಂದು ಹೆಂಡತಿಯನ್ನು ಕಟ್ಟಿಕೊಂಡು ಹಿಂದಿನ ವರ್ಷವಷ್ಟೇ ಊರಿಗೆ ಬಂದಿದ್ದ. ಬ್ರಿಟಿಷರು ಹೋಗಿ ನಾಲ್ಕು ವರ್ಷವಾಗಿತ್ತು, ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ಸುತ್ತಲಿನ ಗದ್ದೆಗಳೆಲ್ಲ ಹಳೇ ಕಾಲುವೆಯ ನೀರು ಕುಡಿದು ಭತ್ತ ಬೆಳೆಯುತ್ತಿದ್ದರೆ ಈ ಒಂದು ಹೊಲ ಮಾತ್ರ ಮಳೆ ನಂಬಿ ಜೋಳ ಬೆಳೆಯುತ್ತಿತ್ತು. ಯಾಕೆಂದು ಕೇಳಿದರೆ ಊರವರು ನೆಲ ನೋಡುತ್ತಿದ್ದರು. ಕೊಟ್ರಬಸಪ್ಪ ಎಣ್ಣೆ ಎಂಜಿನ್ ತಂದು ಕೂಡಿಸಿ ಕಾಲುವೆಯಿಂದ ನೀರೆತ್ತಿದ. ಭತ್ತ ಹುಲುಸಾಗಿ ಬಂತು. ಈಗ ಹೊಡೆ ತುಂಬಿ ನಿಂತಿತ್ತು, ಅಂದರೆ ಪೈರಿಗೆ ಬಸಿರು.

ಬಸುರಿ ಪೈರಿಗೆ ಮನೆಯೊಡತಿ ಉಡಿ ತುಂಬುವುದು ಪದ್ಧತಿ. ಅಕ್ಕಿ, ಅರಿಸಿನಕೊಂಬು, ಹಸಿರು ಬಳೆ, ಕುಬಸದ ಕಣ. ಉಡಿ ತುಂಬಿಸಿಕೊಂಡವಳು ತುಂಬಿದವಳಿಗೆ ಒಂದು ಹಿಡಿ ಅಕ್ಕಿ ಮರಳಿ ಕೊಡುತ್ತಾಳಲ್ಲ, ಹಾಗೆ ಹೊಲವೂ ಒಂದು ಹಿಡಿ ಮಣ್ಣು ಕೊಡಬೇಕು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ದೇವರ ಜಗಲಿಯ ಮೇಲಿಡಬೇಕು. ಕೊಟ್ರಬಸಪ್ಪನ ಹೆಂಡತಿ ಅಕ್ಕನಾಗಮ್ಮ ಹೊಲಕ್ಕೆ ತುಂಬುವುದೆಲ್ಲ ತುಂಬಿ, ಕೈ ಹಿಂದಕ್ಕೆಳೆದುಕೊಂಡು ನಿಂತಿದ್ದಳು. ಅವಳೂ ಚೊಚ್ಚಲ ಬಸುರಿ.

“ಯಾಕವ್ವ ಬ್ಯಾಡ?” ಎಂದು ಅವಳು ಮೆಲ್ಲಗೆ ಕೇಳಿದಳು.

ಹುಲುಗಮ್ಮ ಹೊಲದ ಮೂಲೆಯ ಬನ್ನಿ ಗಿಡದ ಕಡೆ ಕೈ ಮಾಡಿದಳು. “ಈ ಹೊಲ ನಮ್ಮವ್ವ ಪಾರಮ್ಮಂದು. ಸಾಹುಕಾರ್ರ ಅಜ್ಜ ಕಸಗೊಂಡ. ಅವತ್ತು ನನ್ನ ತಮ್ಮ ಆ ಗಿಡದ ಜೋಲ್ಯಾಗ ಇದ್ದ, ಹಸುಗೂಸು. ಒಮ್ಮೆ ಎದಿಗೆ ಹಚ್ಗೊಂಡು ಹೋಗ್ತೀನಿ ಅಂದ್ರೂ ನಮ್ಮವ್ವನ್ನ ಬದು ದಾಟಾಕ ಬಿಡಲಿಲ್ಲ. ಬಿಸಲಾಗ ಅತ್ತತ್ತು ಸತ್ತ. ಆಮ್ಯಾಲೆ ಆಕಿ ಗಡಿಗಿ ತುಂಬ ಉಪ್ಪು ತಂದು, ಎದಿ ಹಾಲು ಅದರಾಗ ಹಿಂಡಿ, ಮಂತ್ರ ಹಾಕಿ ಆ ಗಿಡದ ಬುಡದಾಗ ಈ ಮಣ್ಣಿನ ಉಡಿಗೆ ಇಟ್ಳು. ಒಣಗಿದ್ದಾಗ ಅದು ಮಲಗಿರ್ತೈತ್ರಿ. ನೀರು ಕುಡಿದ್ರ ಏಳತೈತಿ.”

“ಎರಿ ಮಣ್ಣಾಗ ಉಪ್ಪು ಇದ್ದದ್ದ ಬಿಡು ಮುದುಕಿ,” ಎಂದ ಕೊಟ್ರಬಸಪ್ಪ. “ಹೆಚ್ಚಿನ ನೀರು ಹರಿದು ಹೋಗಾಕ ಒಂದು ಬಸಿಗಾಲುವಿ ತೋಡಿದ್ರ ನಿಮ್ಮವ್ವನ ಮಂತ್ರ ಮುಗೀತು. ಮುಂದಿನ ಬ್ಯಾಸಗಿಗೆ ತೋಡಸ್ತೀನಿ. ನಾಗಾ, ಪೂರಾ ಪದ್ಧತಿ ಮಾಡು. ಅರ್ಧಕ್ಕ ಬಿಟ್ರ ನಾನೂ ಹೆದರಿದೆ ಅಂತ ಊರೆಲ್ಲ ನಗತೈತಿ.”

ಅಕ್ಕನಾಗಮ್ಮ ಬಾಗಿ ಒಂದು ಹಿಡಿ ಮಣ್ಣೆತ್ತಿ ಉಡಿಗೆ ಹಾಕಿಕೊಂಡಳು. ನಡು ಮಧ್ಯಾಹ್ನ, ಸುಡುವ ಬಿಸಿಲು. ಮಣ್ಣು ಮಾತ್ರ ಹೆಣದಷ್ಟು ತಣ್ಣಗಿತ್ತು.

“ಭಾರ ಐತ್ರಿ ಇದು,” ಎಂದಳು. ಹುಲುಗಮ್ಮ ಊರ ಕಡೆ ಹೊರಟಳು.

ತೆನೆ ಹೊರಬಿದ್ದ ಕೆಲವೇ ದಿನಕ್ಕೆ ಗರಿಗಳ ತುದಿ ಕೆಂಪಾಗಿ ಸುಟ್ಟುಹೋದವು. ಕೊಟ್ರಬಸಪ್ಪ ರೋಗವೆಂದು ಔಷಧಿ ಹೊಡೆದ. ನೀರು ಸಾಲದೆಂದು ಎಂಜಿನ್ನನ್ನು ಇಡೀ ದಿನ ಓಡಿಸಿದ. ನೀರು ಕೊಟ್ಟಷ್ಟೂ ನೆಲ ಬೆಳ್ಳಗಾಯಿತು. ಬೆಳಿಗ್ಗೆ ಬದುವಿನ ಮೇಲೆ ನಡೆದರೆ ಕಾಲಡಿ ಹಪ್ಪಳ ಮುರಿದಂತೆ ಸದ್ದು. ಗಾಳಿ ಬೀಸಿದಾಗ ಹುಳಿತ ಹಾಲಿನ ವಾಸನೆ ಬರುತ್ತಿತ್ತು. ಹತ್ತಿರದಲ್ಲಿ ಒಂದು ದನವೂ ಇಲ್ಲದ ಕಡೆ ಹಾಲೆಲ್ಲಿಂದ ಬರಬೇಕು? ಹಾಲುಗಾಳು ಕಟ್ಟಿದೆಯೇ ನೋಡೋಣವೆಂದು ಅವನು ಒಂದು ತೆನೆ ಹಿಸುಕಿ ನಾಲಿಗೆಗೆ ಹಚ್ಚಿಕೊಂಡ. ಬೆಳ್ಳನೆಯ ಹಾಲೇನೋ ಬಂತು. ಆದರೆ ಬರೀ ಉಪ್ಪು. ಉಗುಳಿದ, ಬಾಯಿ ತೊಳೆದ, ಊರಿನ ಯಾರಿಗೂ ಹೇಳಲಿಲ್ಲ. ಮನೆಯ ಜಗಲಿಯ ಮೇಲಿನ ಹಿಡಿಮಣ್ಣಿನಲ್ಲೂ ಬಿಳಿ ಕೂದಲಿನಂಥದ್ದು ಎದ್ದಿತ್ತು. ಅದನ್ನು ಬಳಿದು ಹೊರಗೆಸೆದ. ಮರುದಿನ ಕಲ್ಲಿನ ಮೇಲೆ ಅದೇ ಜಾಗದಲ್ಲಿ ಬಿಳಿ ಪುಡಿ ಮತ್ತೆ ಕೂತಿತ್ತು.

ಪೈರು ನಿಂತಲ್ಲೇ ಜೊಳ್ಳಾಗಿ ಒಣಗಿದ ವಾರದಲ್ಲಿ ಅಕ್ಕನಾಗಮ್ಮ ಗಂಡು ಹೆತ್ತಳು.

ಮಗು ಎದೆಗೆ ಬಾಯಿ ಹಾಕಿತು, ಕಿಟ್ಟನೆ ಚೀರಿ ಮುಖ ತಿರುಗಿಸಿತು. ಮತ್ತೆ ಹಚ್ಚಿದಳು. ಮತ್ತೆ ಚೀರಿತು. ಬಾಣಂತಿ ಕೋಣೆಯಲ್ಲಿ ಹಗಲೂ ಕತ್ತಲೆ, ಲೋಬಾನದ ಹೊಗೆ, ಆ ಹೊಗೆಯ ಒಳಗಿಂದ ಅದೇ ಹುಳಿತ ವಾಸನೆ. ಸಿರುಗುಪ್ಪದಿಂದ ಬಂದ ಡಾಕ್ಟರು ಕೂಸು ನೆಟ್ಟಗಿದೆ, ಆಕಳ ಹಾಲು ಹಾಕಿ ಎಂದು ಹೋದರು. ಆಕಳ ಹಾಲು ಚೆಂಬಿನಲ್ಲಿ ಸಿಹಿಯಾಗಿತ್ತು. ಅಕ್ಕನಾಗಮ್ಮನ ಕೈಯಿಂದ, ಕೊಟ್ರಬಸಪ್ಪನ ಕೈಯಿಂದ ಹಾಲುಣಿಸುವ ಒಳಲೆಗೆ ಬಿದ್ದು ಮಗುವಿನ ತುಟಿ ಮುಟ್ಟುವಷ್ಟರಲ್ಲಿ ಉಪ್ಪಾಗುತ್ತಿತ್ತು. ಅವನೇ ಕುಡಿದು ನೋಡಿದ. ಎರಡನೆಯ ಸಂಜೆಗೆ ಮಗುವಿನ ಅಳು ನಿಂತಿತು. ತುಟಿಯ ಸುತ್ತ ಬಿಳಿ ಹಕ್ಕಳೆ ಕಟ್ಟಿತ್ತು.

“ನಿಮಗ ಕೈ ಮುಗೀತೀನ್ರಿ, ಏನರ ಮಾಡ್ರಿ,” ಎಂದಳು ಅಕ್ಕನಾಗಮ್ಮ.

ಅವನು ಗುದ್ದಲಿ ಹಿಡಿದು ಓಡಿದ. ಬನ್ನಿ ಗಿಡದ ಬುಡ ಅಗೆದ. ಹೊತ್ತು ಮುಳುಗುತ್ತಿತ್ತು. ಗುಂಡಿಯಲ್ಲಿ ನೀರು ಒಸರಿತು. ಅಂಗೈ ಸುಲಿದು ಉರಿಯಿತು. ಗುದ್ದಲಿಗೆ ಗಡಿಗೆ ತಾಗಿತು. ಎತ್ತಿದ. ಹಗುರವಾಗಿತ್ತು. ಒಳಗೆ ಕೈ ಹಾಕಿದ. ಏನೂ ಇಲ್ಲ. ಒಂದು ಹರಳೂ ಇಲ್ಲ. ಎಲ್ಲ ಕರಗಿತ್ತು. ಅವನೇ ಎತ್ತಿ ಹಾಯಿಸಿದ ನೀರಿನಲ್ಲಿ ಕರಗಿ ಇಡೀ ಹೊಲವನ್ನು ತುಂಬಿತ್ತು. ತಲೆಯ ಮೇಲಿನ ಕೊಂಬೆಯಲ್ಲಿ ಏನೋ ತೂಗಿತು. ಜೋಲಿಯ ಹಗ್ಗ ಜೀಕಿದ ಸದ್ದು. ಕೂಸಿನ ಅಳು. ಅವನು ತಲೆ ಎತ್ತಲಿಲ್ಲ. ಎತ್ತುವ ಧೈರ್ಯ ಅವನಿಗಿರಲಿಲ್ಲ.

ಬದುವಿನ ಮೇಲೆ ಹುಲುಗಮ್ಮ ನಿಂತಿದ್ದಳು.

“ತಪ್ಪಾತಬೇ,” ಎಂದ ಕೊಟ್ರಬಸಪ್ಪ. “ಹೊಲ ತಗೋ. ಎಲ್ಲಾ ತಗೋ. ಕೂಸು ಉಳಸು.”

“ಹೊಲ ಒಂದ ಹೋಗಿದ್ದಲ್ರಿ ನಮ್ದು,” ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು. “ನನ್ನ ಸೊಸಿ ಯಂಕಮ್ಮ ಬಾಣಂತಿ ಅದಾಳ. ಆಕಿ ಎದಿ ಹಾಲು ಉಪ್ಪಾಗಂಗಿಲ್ಲ. ಕೂಸು ಬದಕತೈತಿ. ಆದ್ರ ಹೊಳ್ಳಿ ಕೊಡಾಕ ಬರಂಗಿಲ್ಲ ನೋಡ್ರಿ.”

ಇಷ್ಟು ವರ್ಷ ಆ ಮನೆಯ ಹೊಸ್ತಿಲಾಚೆಗೇ ನಿಲ್ಲುತ್ತಿದ್ದ ಹುಲುಗಮ್ಮ ಅಂದು ನೇರ ಒಳಗೆ ನಡೆದು ಮಗುವನ್ನು ಎತ್ತಿಕೊಂಡಳು. ಅಕ್ಕನಾಗಮ್ಮ ತಡೆಯಲಿಲ್ಲ. ಯಂಕಮ್ಮನ ಗುಡಿಸಲಿನಲ್ಲಿ ಮಗು ಗಟಗಟ ಹಾಲು ಕುಡಿಯಿತು, ನಿದ್ದೆ ಹೋಯಿತು. ವಾರ ಕಳೆದು, ಮೈ ತುಂಬಿದೆಯಲ್ಲ, ಇನ್ನೇನಾಗುತ್ತದೆ ಎಂದು ಕೊಟ್ರಬಸಪ್ಪ ಅದನ್ನು ಮನೆಗೆ ತಂದ. ಹೊಸ್ತಿಲು ದಾಟುವ ಮೊದಲೇ ತುಟಿ ಬೆಳ್ಳಗಾಗತೊಡಗಿತು. ಬಂದ ದಾರಿಯಲ್ಲೇ ಓಡಿದ.

ಎಂಜಿನ್ ಬಿಚ್ಚಿ, ಹೊಲವನ್ನು ಹುಲುಗಮ್ಮನ ಮನೆಗೆ ಬಿಟ್ಟುಕೊಟ್ಟು ಗಂಡಹೆಂಡಿರು ಬಳ್ಳಾರಿಗೆ ಹೋದರು. ಎರಡು ಮಳೆಗಾಲದ ಮಳೆ ಉಪ್ಪನ್ನು ಕೆಳಗಿಳಿಸಿತು. ಜೋಳ ಆಳೆತ್ತರ ಬಂತು.

ಆ ಸುಗ್ಗಿಗೆ ಅಕ್ಕನಾಗಮ್ಮ ತಡೆಯಲಾರದೆ ಮಗನನ್ನು ನೋಡಲು ಬಂದಳು. ಕೊಟ್ರಬಸಪ್ಪ ಬದುವಿನ ಆಚೆಯೇ ನಿಂತ. ಈಗ ಅವನಿಗೆ ನಗು ಬರುತ್ತಿರಲಿಲ್ಲ.

“ಎತ್ಗೋರಿ ಅಮ್ಮಾರ,” ಎಂದಳು ಹುಲುಗಮ್ಮ. “ಅಳಬ್ಯಾಡ್ರಿ, ಅಷ್ಟ.”

ಹುಡುಗನ ಮೈಗೆ ಹಸಿ ದಂಟಿನ ವಾಸನೆ. ಕಣ್ಣು ಥೇಟ್ ಅಕ್ಕನಾಗಮ್ಮನವೇ. ಅವಳು ತುಟಿ ಕಚ್ಚಿ ಹಿಡಿದಳು, ಆದರೂ ಒಂದು ಹನಿ ಕೆನ್ನೆಗೆ ಇಳಿಯಿತು. ಹುಡುಗ ಅದನ್ನು ಬೆರಳಿನಿಂದ ಮುಟ್ಟಿ ಬಾಯಿಗೆ ಹಾಕಿಕೊಂಡ. ಮುಖ ಕಿವುಚಿದ. ಕೊಸರಿ ಇಳಿದು, “ಯವ್ವಾ, ಉಪ್ಪು!” ಎನ್ನುತ್ತ ಯಂಕಮ್ಮನ ಕಡೆ ಓಡಿದ. ಅವನ ತುಟಿಯಂಚು ಆಗಲೇ ಬೆಳ್ಳಗಾಗಿತ್ತು. ಯಂಕಮ್ಮ ಸೆರಗಿನಿಂದ ಒರೆಸಿ, ತಿರುಗಿ ನೋಡದೆ ಎದೆಗೆ ಹಾಕಿಕೊಂಡಳು.

ಮತ್ತೆ ಬರಬೇಡಿ ಎಂದು ಅಕ್ಕನಾಗಮ್ಮನಿಗೆ ಯಾರೂ ಹೇಳಲಿಲ್ಲ. ಅವಳೇ ಬರಲಿಲ್ಲ.