ಎರಡನೇ ತಟ್ಟೆಯ ನಾಲ್ಕನೇ ಮಗ್ಗುಲು

ಕಮಲಕ್ಕ ಪೆಟ್ಟಿಗೆಯಿಂದ ಎರಡನೇ ರೆಕಾರ್ಡು ಹೊರಗೆ ತೆಗೆದಾಗ ನಮ್ಮೆಲ್ಲರ ತೆರೆದ ಬಾಯಿ ಮುಚ್ಚಲಿಲ್ಲ. ಹನ್ನೆರಡು ಇಂಚಿನ ಕರಿ ರೆಕಾರ್ಡಿನ ನಡುಭಾಗ ತಗ್ಗಿ ಬೋಗುಣಿಯಾಗಿತ್ತು. ಸುತ್ತಲಿನ ಒಂದಿಂಚು ಅಂಚು ಮಾತ್ರ ಏನೂ ಆಗದಂತೆ ಮಿರುಗುತ್ತಿತ್ತು.

"ನಾ ಎಂತ ಮಾಡ್ಲಿಲ್ಲ ಅಮ್ಮಾ!" ಕಮಲಕ್ಕ ಒಡಕು ದನಿಯಲ್ಲಿ ಕೂಗಿದಳು. ಗಂಟಲ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಅಷ್ಟೇ ದನಿ.

ಇದು ನಡೆದದ್ದು ಕೊಪ್ಪ ಬಸ್ ಸ್ಟ್ಯಾಂಡಿನ ಹಿಂದೆ, ನೀಲಾಂಬಿಕೆಯವರ ನಡುಮನೆಯಲ್ಲಿ, ಸಂಜೆ ಐದು ಗಂಟೆಗೆ. ಊರಲ್ಲಿ ಕೆಟ್ಟುಹೋಗದ ರೆಕಾರ್ಡ್ ಪ್ಲೇಯರ್ ಇದ್ದದ್ದು ಅಲ್ಲಿ ಮಾತ್ರ. ನಮ್ಮೆಲ್ಲರ ಈ ನೀಲಕ್ಕ ನಿವೃತ್ತ ಪೋಸ್ಟ್ ಮಾಸ್ತರರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಏನು ಕಳೆದರೂ ಜನ ಮೊದಲು ತಟ್ಟುವುದು ಅವರ ಬಾಗಿಲು. ನಾನು ಕಿರಣ, ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ಅವರ ಕೇಸುಗಳಿಗೆ ಸಾಕ್ಷಿ, ಅವರ ಕಾಫಿಗೆ ಕಕ್ಷಿ.

ಇಪ್ಪತ್ತೈದು ವರ್ಷದ ಹಿಂದೆ ಹರಿಹರ ಗಿಟಾರು ಹಿಡಿದು, ಅವಿನಾಶ ಡ್ರಮ್ಮು ಬಡಿದು 'ಹಾಳೆಟೋಪಿ' ಎಂಬ ತಂಡ ಕಟ್ಟಿದ್ದರು. ಕಂಟ್ರಿ ರಾಕ್ ಎಂದರು. ನಮ್ಮ ಕಡೆ ಕಂಟ್ರಿ ಬರುವುದು ಬಾಟಲಿಯಲ್ಲಿ; ಇವರದು ಎರಡು ಕ್ಯಾಸೆಟ್ಟಿನಲ್ಲಿ ಬಂತು, ಹೆಸರು 'ಬದುವಿನ ದಾರಿ'. ಈಗ ಬೆಂಗಳೂರಿನ ಕಂಪನಿಯೊಂದು ಅದನ್ನೇ ಎರಡು ರೆಕಾರ್ಡುಗಳಾಗಿ ಹೊರತರುತ್ತಿತ್ತು. ಹಳೇ ಟೇಪುಗಳನ್ನು ಶುಚಿ ಮಾಡುವಾಗ ಒಂದು ಸಂಗತಿ ಹೊರಬಿತ್ತು. ನಾಲ್ಕನೇ ಮಗ್ಗುಲಿನ, ಅಂದರೆ ಎರಡನೇ ರೆಕಾರ್ಡಿನ ಹಿಂಬದಿಯ, ಮೊದಲ ಹಾಡನ್ನು ಮೊದಲು ಹಾಡಿದ್ದವಳು ಬೇಗಾರಿನ ತೋಟದ ಕೆಲಸದ ಕಮಲಕ್ಕ. ಕ್ಯಾಸೆಟ್ಟಿಗೆ ಹೋಗುವ ಮುನ್ನ ಅದೇ ಹಾಡಿಗೆ ಹರಿಹರನ ದನಿ ಕೂತಿತ್ತು. ಕಂಪನಿ ಅವಳ ದನಿಯನ್ನೇ ಆರಿಸಿ ಹರಿಹರನ ಹೆಸರಿಗೆ ಮಾದರಿ ರೆಕಾರ್ಡುಗಳನ್ನು ಕಳಿಸಿತ್ತು. ಕೇಳಿ ನೋಡಿ, ಆ ದಿನ ಸಂಜೆ ಆರರೊಳಗೆ ಹರಿಹರ, ಅವಿನಾಶ ಇಬ್ಬರೂ ಸರಿ ಎನ್ನಬೇಕು. ಇಲ್ಲವಾದರೆ ಕ್ಯಾಸೆಟ್ಟಿನ ಹಾಡೇ ಅಚ್ಚಾಗುತ್ತದೆ. ಅದಕ್ಕೇ ಎಲ್ಲರೂ ಇಲ್ಲಿ ಸೇರಿದ್ದೆವು. ಕಮಲಕ್ಕ ತನ್ನ ಹಾಡನ್ನು ಒಮ್ಮೆಯೂ ಕೇಳಿರಲಿಲ್ಲ. ಇನ್ನು ಹಾಡುವಂತೆಯೂ ಇರಲಿಲ್ಲ.

"ಒಲೆ ಮೇಲಿನ ಅಟ್ಟಕ್ಕೆ ಏರ್ಸಿರ್ತಾಳೆ," ಎಂದ ಹರಿಹರ. "ಮಳೆಗಾಲ ಅಲ್ವಾ, ಬೂಷ್ಟು ಹಿಡಿಬಾರ್ದು ಅಂತ ಇವರೆಲ್ಲ ಬಟ್ಟೆಯಿಂದ ರೇಷನ್ ಕಾರ್ಡ್ ತನಕ ಅಲ್ಲೇ ಇಡೋದು. ತಪ್ಪು ನಂದೇ ಮಾರಾಯ. ನಿನ್ ಪದ, ನಿನ್ ಮನೇಲೇ ಇರ್ಲಿ ಅಂತ ನಿನ್ನೆ ಸಂಜೆ ಇವಳಿಗೆ ಕೊಟ್ಟೆ."

"ಟ್ರಂಕಿನ ಮೇಲೆ ಇಟ್ಟಿದ್ದೆ. ಬಿಚ್ಚಲೂ ಇಲ್ಲ!"

ನೀಲಕ್ಕ ಪೆಟ್ಟಿಗೆಯನ್ನು ತಿರುಗಿಸಿದರು. "ಅಂಟುಪಟ್ಟಿ ಎರಡು ಪದರ ಇದೆ. ಕಿರಣ, ಮೂಸು."

"ಗೋಂದಿನ ವಾಸನೆ."

"ಹೊಗೆ ವಾಸನೆ?"

"ಇಲ್ಲ."

ಅವರು ಮೊದಲನೇ ರೆಕಾರ್ಡನ್ನು ಹೊರಗೆಳೆದು ಮೇಜಿನ ಮೇಲಿಟ್ಟರು. ಅದು ಎಲ್ಲೂ ಸೊಟ್ಟಗಾಗಿರಲಿಲ್ಲ.

ಅಷ್ಟರಲ್ಲಿ ಅವಿನಾಶ ಎಲ್ಲರಿಗೂ ಅಡಿಕೆ ಹಾಳೆಯ ತಟ್ಟೆಯಲ್ಲಿ ಅವಲಕ್ಕಿ ಹಂಚಿದ. ತಿಂದು ಮುಗಿಸಿದಾಗ ನನ್ನ ತಟ್ಟೆಯ ತಳದಲ್ಲಿ ಕಪ್ಪು ಮಸಿಯ ಗೆರೆ ಕಾಣಿಸಿತು. "ನನ್ನ ತಟ್ಟೆಗೆ ಯಾರೋ ದೃಷ್ಟಿಬೊಟ್ಟು ಇಟ್ಟಿದ್ದಾರೆ!" ಎಂದು ಹರಿಹರನ ಮೂಗುದನಿಯಲ್ಲೇ ಹಾಡಿ ತೋರಿಸಿದೆ. ಯಾರೂ ನಗಲಿಲ್ಲ. ನೀಲಕ್ಕ ತಟ್ಟೆ ಕಸಿದುಕೊಂಡರು.

"ಅವಿನಾಶ, ಇದು ನಿಮ್ಮದಾ?"

"ಹೌದಕ್ಕ, ಮುತ್ತಿನಕೊಪ್ಪದಲ್ಲಿ ನಮ್ಮ ತಟ್ಟೆ ಒತ್ತೋ ಮಷಿನ್ನಿಂದು. ಇವತ್ತಿನ ತಿಂಡಿಗೆ ಅಂತ ನಿನ್ನೆ ಮಧ್ಯಾಹ್ನ ಹರಿಹರನೇ ಬಂದು ತಗಂಡ. ಒಂದು ನಾಕು ಕಮ್ಮಿ ಇತ್ತು, ತಾನೇ ಒತ್ಕೊಳ್ತೀನಿ ಅಂದ. ನಾನು ಹಿತ್ಲಲ್ಲಿ ಹಾಳೆ ನೆನೆಹಾಕ್ತಿದ್ದೆ."

"ಅಚ್ಚು ಎಷ್ಟಿದೆ?"

"ಎರಡು. ತಿಂಡಿಗೆ ಹತ್ತಿಂಚು, ಊಟಕ್ಕೆ ಹನ್ನೆರಡು. ಎರಡೂ ಅಕ್ಕಪಕ್ಕದಲ್ಲೇ ಕಾದಿರ್ತವೆ."

ನೀಲಕ್ಕ ಎಲ್ಲರನ್ನೂ ಕೂರಿಸಿದರು. ಗಡಿಯಾರ ಐದೂವರೆ ತೋರಿಸುತ್ತಿತ್ತು.

"ಒಲೆ ಅಟ್ಟದಲ್ಲಿ ಇಟ್ಟಿದ್ರೆ ಎರಡೂ ರೆಕಾರ್ಡು ಸೊಟ್ಟಗಾಗಬೇಕಿತ್ತು, ಪೆಟ್ಟಿಗೆ ಹೊಗೆ ನಾರಬೇಕಿತ್ತು. ಅಂದ್ರೆ ಬಿಸಿ ತಾಗಿದ್ದು ಒಂದಕ್ಕೇ, ಅದೂ ಪೆಟ್ಟಿಗೆಯಿಂದ ಹೊರಗೆ. ಯಾರೋ ಪಾರ್ಸೆಲ್ ಬಿಚ್ಚಿ ಮತ್ತೆ ಪಟ್ಟಿ ಅಂಟಿಸಿದ್ದಾರೆ. ಈಗ ನೋಡಿ."

ಅವರು ನನ್ನ ತಟ್ಟೆಯನ್ನು ಒರೆಸಿ ರೆಕಾರ್ಡಿನ ತಗ್ಗಿನೊಳಗೆ ಇಳಿಸಿದರು. ಟಪ್ಪನೆ ಕೂತಿತು. ಒಂದು ಕೂದಲಿನಷ್ಟೂ ಸಂದಿಲ್ಲ. ಕಮಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅವಿನಾಶ ಎದ್ದು ನಿಂತುಬಿಟ್ಟ.

"ನನ್ನ ಮಷಿನ್ನಲ್ಲಿ ಮಾಡಿದ್ದಾ?"

"ಅವನ ಮಷಿನ್ ಅಂದ್ಮೇಲೆ ಅವನನ್ನೇ ಕೇಳಿ!" ಹರಿಹರ ಕೂಗಿದ.

"ಅವನಲ್ಲ," ಎಂದರು ನೀಲಕ್ಕ. "ದಿನಾ ತಟ್ಟೆ ಒತ್ತೋನಾಗಿದ್ರೆ ಹನ್ನೆರಡಿಂಚಿನ ರೆಕಾರ್ಡನ್ನ ಹನ್ನೆರಡಿಂಚಿನ ಅಚ್ಚಿಗೇ ಇಡ್ತಿದ್ದ. ರೆಕಾರ್ಡಿನ ಕಪ್ಪು ಅಂಟಿದ ಅಚ್ಚು ಒರೆಸ್ದೆ ಮುಂದಿನ ಹಾಳೆ ಹಾಕ್ತಿರ್ಲಿಲ್ಲ. ಇದು ಹೊಸಬನ ಕೈ. ಹರಿಹರ, ನಿನ್ನೆ ಬೆಳಿಗ್ಗೆ ಪಾರ್ಸೆಲ್ ಬಂದಿದ್ದು ನಿಂಗೆ. ಮಧ್ಯಾಹ್ನ ಮಷಿನ್ ಹತ್ರ ಇದ್ದಿದ್ದು ನೀನು. ಸಂಜೆ ಇವಳ ಕೈಗೆ ಇಟ್ಟಿದ್ದೂ ನೀನು. ಒಡೆದು ಹಾಕಿದ್ರೆ ಅನುಮಾನ ನಿನ್ ಮೇಲೆ ಬರ್ತಿತ್ತು. ಬಿಸಿಗೆ ಸೊಟ್ಟಗಾದ್ರೆ ಇವಳ ಒಲೆ ಮೇಲೆ ಹೋಗ್ತದೆ. ಅಲ್ವಾ?"

ಹರಿಹರ ತಟ್ಟೆಯ ಅಂಚನ್ನು ಬೆರಳಿಂದ ಮುಟ್ಟಿದ. "ಬಾಯಿಬಿಟ್ಟು ಬೇಡ ಅನ್ನಕ್ಕೆ ಮುಖ ಇರ್ಲಿಲ್ಲ. ಸ್ವಲ್ಪ ಸೊಟ್ಟಗಾದ್ರೆ ಸಾಕು ಅಂದ್ಕೊಂಡಿದ್ದೆ. ಮಷಿನ್ನಿನ ಹಿಡಿ ಇಳಿಸಿದ ಮೇಲೆ ಎತ್ತಕ್ಕೆ ಗೊತ್ತಾಗ್ಲಿಲ್ಲ... ಇವತ್ತಿಗೂ ಜನ ನನ್ನ ನಿಲ್ಸಿ ಹಾಡ್ಸೋದು ಅದೊಂದೇ ಹಾಡು. ಇವಳ ದನಿ ಕೇಳಿದ್ಮೇಲೆ ನಂದು ಯಾರಿಗೆ ಬೇಕು?"

"ಆವಾಗ ನನ್ ಟೇಪು ನೀರು ಬಿದ್ದು ಹಾಳಾಯ್ತು ಅಂದಿದ್ಯಲ್ಲೋ," ಎಂದಳು ಕಮಲಕ್ಕ. ಅವಳಿಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು. "ನಾನು ನಂಬಿದ್ದೆ."

"ಹೋಯ್ತಲ್ಲ, ಇನ್ನು ಕೇಳೋದೆಲ್ಲಿಂದ?" ಎಂದೆ ನಾನು.

ನೀಲಕ್ಕ ತಟ್ಟೆ ತೆಗೆದು ರೆಕಾರ್ಡನ್ನು ಪ್ಲೇಯರ್ ಮೇಲಿಟ್ಟರು. "ಸೂಜಿ ಹೊರಗಿಂದ ಒಳಗೆ ಹೋಗ್ತದೆ ಮಾರಾಯ. ಇವನು ಉಳಿಸಿದ್ದು ಹೊರಗಿನ ಒಂದಿಂಚು. ಇವಳದ್ದು ಮೊದಲ ಹಾಡು."

ಎತ್ತರದ ಅಂಚಿನ ಮೇಲೆ ಸೂಜಿ ದೋಣಿಯಂತೆ ಏರಿಳಿಯಿತು. ಚರಚರ ಸದ್ದು, ಬ್ಯಾಂಜೋ, ಆಮೇಲೆ ಬೇಗಾರಿನ ಗದ್ದೆಯಿಂದ ಎದ್ದುಬಂದ ಹುಡುಗಿಯ ದನಿ. ಮೂರು ತಾಲ್ಲೂಕಿನ ದನಿಗಳನ್ನೆಲ್ಲ ಕದಿಯುವ ನಾನು ಕಲ್ಲಾಗಿ ಕೂತೆ. ಕಮಲಕ್ಕನ ಕೈ ಗಂಟಲ ಗಾಯದ ಗುರುತಿನ ಮೇಲೆಯೇ ಇತ್ತು. ನಾಲ್ಕು ನಿಮಿಷ ಕಳೆದು, ಸೂಜಿ ತಗ್ಗಿಗೆ ಜಾರಿತು.

ಆರಕ್ಕೆ ಎಂಟು ನಿಮಿಷ ಇತ್ತು. ಅವಿನಾಶ ಕಂಪನಿಗೆ ಫೋನ್ ಮಾಡಿ ಸರಿ ಎಂದ. ಫೋನನ್ನು ಅವನ ಕೈಯಿಂದ ತೆಗೆದುಕೊಂಡು ಹರಿಹರನ ಮುಂದೆ ಹಿಡಿದವಳು ಕಮಲಕ್ಕನೇ.

ಹರಿಹರ ಅವಳ ಮುಖ ನೋಡಲಿಲ್ಲ. "ಸರಿ ಇದೆ ಸಾರ್," ಎಂದ. "ನಾಲ್ಕನೇ ಮಗ್ಗುಲು... ಅವಳದ್ದೇ ಇರ್ಲಿ."

"ಅವಳು ಅಂದ್ರೆ ಯಾರು ಅಂತ ಗೊತ್ತಾಗ್ತದಾ ಅವ್ರಿಗೆ?" ಒಡಕು ದನಿ ಕೇಳಿತು. "ಹೆಸ್ರು ಹೇಳು."