ಅಳಿಯನ ಪಾಲಿನ ಕೊರಮೀನು

೧೯೭೬ರ ಫೆಬ್ರವರಿ ೧೨, ಗುರುವಾರ. ಮಳವಳ್ಳಿ ಠಾಣೆಗೆ ಬಂದ ಯಲಿಯೂರಿನ ಚೌಡಯ್ಯನಿಗೆ ಬೆಂಚು ತೋರಿಸಿದರೂ ಅವನು ಕೂರಲಿಲ್ಲ.

"ನನ್ ತಮ್ಮುಂಗೆ ಮದ್ ಆಕವ್ರೆ ಸ್ವಾಮಿ. ಬರ್ಕೊಳಿ," ಎಂದ.

ಇನ್ಸ್‌ಪೆಕ್ಟರ್ ಸಂಪತ್ ಕುಮಾರ್ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಆ ಸೀಮೆಯಲ್ಲಿ ಹೊಟ್ಟೆನೋವು ವಾಸಿಯಾಗದಿದ್ದರೂ, ಗಂಡ ಹೆಂಡತಿಯ ಮಾತು ಹೆಚ್ಚು ಕೇಳಿದರೂ, ಯಾರೋ ಊಟದಲ್ಲಿ ಮದ್ದು ಬೆರೆಸಿದರೆಂಬ ಮಾತು ಹುಟ್ಟುತ್ತದೆ. ಇಂಥ ದೂರುಗಳನ್ನು ಅವರು ಬೇಕಾದಷ್ಟು ಕೇಳಿದ್ದರು.

"ಯಾರು ಹಾಕಿದ್ದು?"

"ಅವ್ನ್ ಅತ್ತೆ, ಚಿಕ್ಕಬೋರಮ್ಮ. ಗುಡಿಕಟ್ಟೆಯವ್ಳು."

"ಹಾಕಿದ್ದನ್ನ ನೋಡಿದೀಯಾ?"

"ನೋಡಿದ್ರೆ ಇಲ್ಲೀಗ್ ಯಾಕ್ ಬತ್ತಿದ್ದೆ? ಅಲ್ಲೇ ತೀರಿಸ್ಬುಡ್ತಿದ್ದೆ."

"ಅದನ್ನ ಠಾಣೆಯಲ್ಲಿ ಹೇಳಬೇಡ. ಮುಂದೆ?"

ಚೌಡಯ್ಯನ ತಮ್ಮ ಶಿವಣ್ಣ ಮೂರು ವರ್ಷದಿಂದ ಗುಡಿಕಟ್ಟೆಯಲ್ಲಿ ಮನೆಯಳಿಯ. ದೀಪಾವಳಿ ಕಳೆದ ಮೇಲೆ ಅವನ ತುಟಿ, ಬೆರಳು ಜೋಮು ಹಿಡಿದವು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರದಾಯಿತು. ನಡೆದರೆ ತೂರಾಡುತ್ತಿದ್ದ, ಮಾತು ತೊದಲುತ್ತಿತ್ತು. ಹೆಂಡ ಮುಟ್ಟದವನನ್ನು ಊರು ಕುಡುಕನೆಂದು ಕರೆಯಿತು. ಸಂಕ್ರಾಂತಿಗೆ ನೋಡಲು ಹೋದ ಚೌಡಯ್ಯ ಅವನನ್ನು ಎತ್ತಿಕೊಂಡು ಬಸ್ಸು ಹತ್ತಿಸಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದ.

"ಈಗ ಗಂಜಿ, ಬ್ರೆಡ್ಡು ತಿನ್ಕೊಂಡು ಗೋಡೆ ಇಡ್ಕೊಂಡ್ ನಡೀತವ್ನೆ. ಅವ್ಳ ಕೈ ಅನ್ನ ಬುಟ್ಟೇಟ್ಗೆ ಸುದಾರಿಸ್ಕೊಂಡ. ಇನ್ನೇನ್ ಸಾಕ್ಷಿ ಬೇಕು ಸ್ವಾಮಿ ನಿಮ್ಗೆ?"

ಸಂಪತ್ ಕುಮಾರ್ ಈಗ ಪೆನ್ನಿನ ಮುಚ್ಚಳ ತೆಗೆದರು. ಮನುಷ್ಯ ಒರಟಾದರೂ ಅವನ ಮಾತಿನಲ್ಲಿ ತೂಕವಿತ್ತು. ವಿಷ ಉಣಿಸಿದ ಆರೋಪದ ಮೇಲೆ ಐಪಿಸಿ ೩೨೮ರಡಿ ಎಫ್‌ಐಆರ್ ದಾಖಲಾಯಿತು. ರುಜುವಾತಾದರೆ ಹತ್ತು ವರ್ಷದವರೆಗೂ ಜೈಲು.

ಮಧ್ಯಾಹ್ನ ಜೀಪು ಗುಡಿಕಟ್ಟೆ ತಲುಪಿತು. ಚಿಕ್ಕಬೋರಮ್ಮನ ಅಡುಗೆಮನೆಯ ಪಂಚನಾಮೆ ನಡೆಯಿತು. ಖಾರದ ಪುಡಿ, ಹುಣಸೆಹಣ್ಣು, ಉಪ್ಪಿನ ಮಡಕೆ, ಎಣ್ಣೆ ಶೀಶೆ, ಎಲ್ಲದರ ಮಾದರಿಗೂ ಅರಗಿನ ಮೊಹರು ಬಿತ್ತು. ಪಂಚರಾಗಿ ಬಂದ ಇಬ್ಬರೂ ಹೊಸ್ತಿಲ ಆಚೆಯೇ ನಿಂತು ರುಜು ಹಾಕಿದರು. ಆಕೆ ತಂದಿಟ್ಟ ಮಜ್ಜಿಗೆಯನ್ನು ಯಾರೂ ಮುಟ್ಟಲಿಲ್ಲ.

"ಎಲ್ಲಾ ಇಂಗೇ ಸ್ವಾಮಿ," ಎಂದಳು ಚಿಕ್ಕಬೋರಮ್ಮ. "ನೀರಿಗ್ ಓದ್ರೆ ಎಂಗುಸ್ರು ಬಿಂದ್ಗೆ ಎತ್ಕೊಂಡು ದೂರ ಸರೀತಾರೆ. ನನ್ ಮಗ್ಳು ಚಲುವಮ್ಮ ಬಾಗ್ಲಾಚೆಗೆ ಬತ್ತಿಲ್ಲ."

ಸಂಪತ್ ಕುಮಾರ್ ಲೋಟ ಎತ್ತಿ ಗಟಗಟ ಕುಡಿದರು. ಬೀದಿಯಲ್ಲಿ ನಿಂತ ಜನ ಕತ್ತು ಚಾಚಿ ನೋಡಿತು. ಕಾನ್‌ಸ್ಟೇಬಲ್ ಅಂಕಯ್ಯನ ಮುಖ ಬೆಳ್ಳಗಾಯಿತು.

"ಉಪ್ಪು ಸ್ವಲ್ಪ ಜಾಸ್ತಿ," ಎಂದು ಅವರು ಲೋಟ ಕೆಳಗಿಟ್ಟರು. "ಈಗ ಹೇಳಮ್ಮ. ಅಳಿಯನಿಗೆ ಏನು ಹಾಕಿದೆ?"

"ನನ್ ಮಗ್ಳ ತಾಳೀಗೆ ನಾನೇ ಕೈ ಆಕ್ತೀನಾ?"

"ಅವನಿಗೆ ಮಾತ್ರ ಬೇರೆ ಏನಾದರೂ ಬಡಿಸ್ತಿದ್ದೆಯಾ?"

"ಅಳಿಯ ಅಂದ್ಮೇಲೆ ಬ್ಯಾರೆ ಬಡಿಸ್ದೆ ಇರಕ್ಕಾಯ್ತದಾ?"

ಅಷ್ಟರಲ್ಲಿ ಅಟ್ಟದಿಂದ ಇಲಿಯೊಂದು ದುಡುಮ್ಮನೆ ಹಾರಿ ಪಂಚನಾಮೆಯ ಕಾಗದದ ಮೇಲೆಯೇ ಓಡಿತು.

"ಬೆಕ್ಕು ಸಾಕಿಲ್ವೇನಮ್ಮ?"

"ಎಲ್ಡಿದ್ವು. ಕಾರ್ತೀಕದಾಗೆ ಸತ್ತೋದ್ವು. ಗಿರಗಿರ ಸುತ್ತಿ, ಗೋಡೆಗೆ ಡಿಕ್ಕಿ ಒಡ್ಕೊಂಡು ಬಿದ್ವು."

"ಅವು ಏನು ತಿಂತಿದ್ದವು?"

"ಅಳಿಯನ್ ತಟ್ಟೇಲಿ ಮಿಕ್ಕಿದ್ದು. ಕೊರಮೀನಿನ ಮುಳ್ಳು, ತಲೆ."

ಅಯ್ಯಂಗಾರರ ಮನೆಯಲ್ಲಿ ಹುಟ್ಟಿದ ಸಂಪತ್ ಕುಮಾರರಿಗೆ ಮೀನೆಂದರೆ ಮತ್ಸ್ಯಾವತಾರವಷ್ಟೇ. ಅವರು ಅಂಕಯ್ಯನ ಕಡೆ ನೋಡಿದರು.

"ಕೊರಮೀನು ಅಂದ್ರೆ ಕೆಸರಲ್ಲಿರೋ ದೊಡ್ಡ ಮೀನು ಸಾರ್," ಎಂದ ಅಂಕಯ್ಯ. "ಸಣ್ಣ ಮೀನು ಹಿಡಿದು ತಿನ್ನುತ್ತೆ. ಅಳಿಯ ಮನೇಲಿದ್ರೆ ದೊಡ್ಡದು ಅವನಿಗೇ. ಹೆಂಗಸರಿಗೆ ಸಾರು, ಪುಡಿಮೀನು. ನಮ್ಮತ್ತೆ ಮನೇಲೂ ಹಂಗೇ. ಅದಕ್ಕೇ ಅಲ್ಲಿಗೆ ಹೋಗೋದು."

ಊರ ಮುಂದಿನ ನೀರಿನ ಕಟ್ಟೆಯ ಮೀನನ್ನು ಗುತ್ತಿಗೆಗೆ ಹಿಡಿದಿದ್ದವನು ಚಿಕ್ಕಬೋರಮ್ಮನ ತಮ್ಮ ಹೊನ್ನಯ್ಯ. ಅಕ್ಕನ ಅಳಿಯನೆಂದು ಪ್ರತಿ ವಾರ ದೊಡ್ಡ ಮೀನನ್ನೇ ಕಳಿಸುತ್ತಿದ್ದ.

"ಕೈಕಾಲು ಸೋತ್ಮೇಲೆ ದಿನಾ ಇಕ್ಕುದ್ವಿ ಸ್ವಾಮಿ," ಎಂದಳು ಚಿಕ್ಕಬೋರಮ್ಮ. "ಕೊರಮೀನ್ ತಿಂದ್ರೆ ಸಕ್ತಿ ಬತ್ತದಲ್ಲ ಅಂತ."

ಜೀಪಿನಲ್ಲಿ ಕೂತ ಮೇಲೆ ಸಂಪತ್ ಕುಮಾರ್ ಕೇಳಿದರು: "ಅಳಿಯನಿಗೆ ಮದ್ದು ಹಾಕೋಳು ಬೆಕ್ಕಿಗೂ ಹಾಕ್ತಾಳೇನಯ್ಯ?"

"ಬೆಕ್ಕಿನ ಮೇಲೆ ಯಾರಿಗೆ ದ್ವೇಷ ಸಾರ್? ಆದರೆ ಆ ಮಜ್ಜಿಗೆ ನೀವು ಕುಡೀಬಾರದಿತ್ತು."

"ಆಕೆಯೂ ಅದೇ ಮಜ್ಜಿಗೆಯಲ್ಲಿ ಉಂಡ ತಟ್ಟೆ ಹಾಗೇ ಇತ್ತು. ಒಲೆ ಪಕ್ಕ ನೋಡಲಿಲ್ವಾ?"

ಮರುದಿನ ಮಂಡ್ಯದ ಆಸ್ಪತ್ರೆಯಲ್ಲಿ ಶಿವಣ್ಣ ಹೇಳಿಕೆ ಕೊಟ್ಟ. ಮಾತು ಇನ್ನೂ ಸ್ವಲ್ಪ ತೊದಲುತ್ತಿತ್ತು. "ನಮ್ಮತ್ತೆ ಅಂತೋಳಲ್ಲ ಸಾರ್. ನಮ್ಮಣ್ಣುಂಗೆ ಸಿಟ್ಟು," ಎಂದ. ಪಕ್ಕದಲ್ಲಿದ್ದ ಚೌಡಯ್ಯ, "ಅದೇ ಮದ್ದಿನ್ ಗುಣ. ಇನ್ನೂ ಇಳ್ದಿಲ್ಲ," ಎಂದು ಮುಖ ತಿರುಗಿಸಿದ.

ಡಾಕ್ಟರ್ ರಂಗನಾಯಕಿಯವರು ಇದನ್ನು ನರದ ಕಾಯಿಲೆಯೆಂದು ಬರೆದಿದ್ದರು. ಬೆಕ್ಕಿನ ವಿಷಯ ಹೇಳಿದೊಡನೆ ಅವರ ಕೈ ನಿಂತಿತು.

"ಸುತ್ತಿ ಸುತ್ತಿ ಸತ್ತವಾ? ಜಪಾನಿನಲ್ಲಿ ಒಂದು ಮೀನುಗಾರರ ಊರಲ್ಲಿ ಹೀಗೇ ಆಗಿತ್ತು ಇನ್ಸ್‌ಪೆಕ್ಟರೇ. ಅಲ್ಲೂ ಬೆಕ್ಕುಗಳು ಹೀಗೇ ಕುಣಿದು ಸತ್ತವು. ಮೀನಿನಲ್ಲಿ ಪಾದರಸ ಸೇರಿತ್ತು."

ಶಿವಣ್ಣನ ತಲೆಗೂದಲು ಕತ್ತರಿಸಿ ಲಕೋಟೆಗೆ ಹಾಕಿದರು. ಕಟ್ಟೆಯ ನೀರು, ಕೆಸರು, ಪುಡಿಮೀನು, ಒಂದು ದೊಡ್ಡ ಕೊರಮೀನು ಎಲ್ಲವೂ ಪಂಚನಾಮೆಯೊಂದಿಗೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದವು. ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ ಅಂಕಯ್ಯನನ್ನು ಮದ್ದೂರಿನವರೆಗೂ ಜನ ಮೀನಿನ ಬೆಲೆ ಕೇಳಿದರಂತೆ.

ವರದಿ ಬರುವಷ್ಟರಲ್ಲಿ, ಚಿಕ್ಕಬೋರಮ್ಮನನ್ನು ಇನ್ನೂ ದಸ್ತಗಿರಿ ಮಾಡಿಲ್ಲವೇಕೆಂದು ಚೌಡಯ್ಯ ಎರಡು ಸಲ ಠಾಣೆಗೆ ಬಂದು ಕೂಗಾಡಿದ. ಮೇಲಧಿಕಾರಿಗಳಿಂದಲೂ ಒಂದು ಮೆಮೊ ಬಂತು. ಸಂಪತ್ ಕುಮಾರ್ ಎರಡಕ್ಕೂ "ತನಿಖೆ ಪ್ರಗತಿಯಲ್ಲಿದೆ" ಎಂದೇ ಉತ್ತರಿಸಿದರು.

ಮಾರ್ಚ್ ಮೂರನೆಯ ವಾರ ವರದಿ ಬಂತು. ಅಡುಗೆಮನೆಯ ಪದಾರ್ಥಗಳಲ್ಲಿ ಏನೂ ಇರಲಿಲ್ಲ. ಕಟ್ಟೆಯ ನೀರಿನಲ್ಲಿ ಪಾದರಸ ಇದೆಯೋ ಇಲ್ಲವೋ ಎನ್ನುವಷ್ಟು. ಪುಡಿಮೀನಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಕೊರಮೀನಿನಲ್ಲಿ ಪುಡಿಮೀನಿಗಿಂತ ಎಷ್ಟೋ ಪಟ್ಟು. ಶಿವಣ್ಣನ ಕೂದಲಲ್ಲೂ ಪಾದರಸ ಸಿಕ್ಕಿತ್ತು. ಸಂಪತ್ ಕುಮಾರ್ ವರದಿ ಹಿಡಿದು ಅಂಕಯ್ಯನೊಂದಿಗೆ ಮಂಡ್ಯದ ಆಸ್ಪತ್ರೆಗೆ ಹೋದರು.

"ನೀರೇ ಚೆನ್ನಾಗಿದ್ದ ಮೇಲೆ ಮೀನಿಗೆ ಎಲ್ಲಿಂದ ಬಂತು ಡಾಕ್ಟರೇ?"

"ವಿಷ ಕೆಸರಿಗೆ ಇಳಿಯುತ್ತೆ. ಅದನ್ನ ಹುಳ ತಿನ್ನುತ್ತೆ, ಹುಳಗಳನ್ನ ಪುಡಿಮೀನು, ಪುಡಿಮೀನುಗಳನ್ನ ಕೊರಮೀನು. ತಿಂದದ್ದು ಬೇಗ ಹೊರಗೆ ಹೋಗಲ್ಲ, ಮಾಂಸದಲ್ಲೇ ಕೂಡಿಕೊಳ್ಳುತ್ತೆ. ಮೀನು ದೊಡ್ಡದಾದಷ್ಟೂ, ಹಳೆಯದಾದಷ್ಟೂ ವಿಷ ಜಾಸ್ತಿ. ಬೇಯಿಸಿದರೂ ಹೋಗಲ್ಲ."

"ಆಲೆಮನೆ ಇದ್ದಂಗೆ ಸಾರ್," ಎಂದ ಅಂಕಯ್ಯ. "ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕಾಯಿಸಿದ್ರೆ ಕೊನೆಗೆ ಉಳಿಯೋದು ಒಂದಿಷ್ಟು ಬೆಲ್ಲ."

"ಆ ಬೆಲ್ಲವೆಲ್ಲ ಅಳಿಯನ ತಟ್ಟೆಗೆ," ಎಂದರು ಸಂಪತ್ ಕುಮಾರ್.

ಇನ್ನು ಗುಡಿಕಟ್ಟೆಯಂಥ ಊರಿಗೆ ಪಾದರಸ ಎಲ್ಲಿಂದ ಬಂತು ಎಂಬುದೊಂದು ಉಳಿಯಿತು. ಉತ್ತರ ಕಟ್ಟೆಯ ಏರಿಯ ಮೇಲೆಯೇ ಇತ್ತು. ಕಬ್ಬು ನೆಡುವ ಮುಂಚೆ ಬಿತ್ತನೆ ತುಂಡುಗಳನ್ನು ಬೂಷ್ಟು ಹಿಡಿಯದಂತೆ ಔಷಧಿಯ ಕೆಂಪು ನೀರಿನಲ್ಲಿ ಅದ್ದುತ್ತಾರೆ. ಸುತ್ತಲಿನ ರೈತರಿಗೆ ತುಂಡು ಅದ್ದಿಕೊಡುತ್ತಿದ್ದವನೂ ಹೊನ್ನಯ್ಯನೇ. ಏರಿಯ ಹೊಂಗೆಮರದಡಿ ಅವನ ಕಲ್ಲುತೊಟ್ಟಿಯಿತ್ತು; ಪಕ್ಕದಲ್ಲಿ ತಲೆಬುರುಡೆಯ ಚಿತ್ರದ ತಗಡಿನ ಡಬ್ಬಿಗಳು. ಔಷಧಿಯಲ್ಲಿ ಪಾದರಸ ಇರುವುದು ಡಬ್ಬಿಯ ಮೇಲೆಯೇ ಇಂಗ್ಲಿಷಿನಲ್ಲಿ ಬರೆದಿತ್ತು.

ಮಾರ್ಚ್ ೨೪, ಬುಧವಾರ. ಹೊನ್ನಯ್ಯ ತುಂಡು ಅದ್ದುತ್ತಿದ್ದ.

"ಅದ್ದಿ ಉಳಿದ ನೀರು ಏನು ಮಾಡ್ತೀಯ?"

"ಒಲಕ್ಕೆ ಬುಡ್ತೀನಿ ಸಾರ್."

"ಯಾವ ಹೊಲಕ್ಕೆ?"

ಹೊನ್ನಯ್ಯ ಕೈ ಎತ್ತಿ ಎಲ್ಲೋ ತೋರಿಸಿದ. ಸಂಪತ್ ಕುಮಾರ್ ತೊಟ್ಟಿಯಿಂದ ಕಟ್ಟೆಯ ಮೆಟ್ಟಿಲುಗಳವರೆಗೆ ಇಳಿದಿದ್ದ ಕೆಂಪು ಕಲೆಯ ಜಾಡಿನಲ್ಲಿ ನಡೆದು ನೀರಿನ ಅಂಚಿಗೆ ಹೋಗಿ ನಿಂತರು. ಬೈಯಲಿಲ್ಲ.

"ಹೊನ್ನಯ್ಯ, ನಿಮ್ಮಕ್ಕನ ಹೆಸರು ಎಫ್‌ಐಆರ್‌ನಲ್ಲಿದೆ. ನಿನ್ನ ಮಾತು ನಂಬಿದರೆ ಇವತ್ತು ಸಂಜೆ ನಾನು ಆಕೆಯನ್ನ ಕರ್ಕೊಂಡು ಹೋಗಬೇಕು."

"ಅಕ್ಕ ಏನ್ ಮಾಡವ್ಳೆ ಸಾರ್?"

"ನೀನು ಕಳಿಸಿದ ಮೀನು ಬೇಯಿಸಿದ್ದಾಳೆ. ಮೀನಿನಲ್ಲಿ ಈ ನೀರಿದೆ."

ಹೊನ್ನಯ್ಯ ಕೈಯಲ್ಲಿದ್ದ ತುಂಡನ್ನು ಬಿಟ್ಟು ತೊಟ್ಟಿಯ ಅಂಚಿನ ಮೇಲೆ ಕೂತ.

"ನಾನೇ ಸಾರ್. ಮೂರ್ ವರ್ಸದಿಂದ ಕಟ್ಟೆಗೇ ಸುರೀತಿವ್ನಿ," ಎಂದ. ಏರಿಯ ಪಕ್ಕಕ್ಕೆ ಕೈ ತೋರಿಸಿ, "ಅದ್ಕೂ ಮುಂಚೆ ಅಲ್ಲೊಂದ್ ಗುಂಡಿ ತೋಡಿ ಸುರ್ದಿದ್ದೆ. ನಮ್ ಗಬ್ಬದ ಅಸ ಬಂದು ಕುಡ್ದು ಸತ್ತೋಯ್ತು. ಒಟ್ಟೇಲಿದ್ದ ಕರವೂ ಓಯ್ತು. ಕಟ್ಟೇಲಿ ಅಷ್ಟೊಂದ್ ನೀರದೆ, ಇದೆಷ್ಟು ಅಂದ್ಕೊಂಡೆ. ಇನ್ನೊಂದ್ ಜೀವ ಸಾಯ್ಬಾರ್ದು ಅಂತ್ಲೇ ಸುರ್ದಿದ್ದು."

ಮಹಜರು ಬರೆದು, ತೊಟ್ಟಿಯ ನೀರಿನ ಮಾದರಿ ತೆಗೆದು, ಡಬ್ಬಿಗಳನ್ನು ವಶಪಡಿಸಿಕೊಂಡು ಹೊನ್ನಯ್ಯನನ್ನು ದಸ್ತಗಿರಿ ಮಾಡಲಾಯಿತು. ಕಲಂ ೩೨೮ ಕೈಬಿಟ್ಟು, ವಿಷವಸ್ತುವಿನ ವಿಚಾರದಲ್ಲಿ ನಿರ್ಲಕ್ಷ್ಯಕ್ಕೆ ೨೮೪, ಊರ ನೀರು ಕೆಡಿಸಿದ್ದಕ್ಕೆ ೨೭೭ ಸೇರಿಸಿದರು. ಎರಡೂ ಜಾಮೀನಿನ ಅಪರಾಧಗಳು. ಕಟ್ಟೆಯ ಮೀನು ತಿನ್ನಬಾರದೆಂದು ಊರಲ್ಲಿ ತಮಟೆ ಹೊಡೆಸಿ ಸಾರಿದರು.

ಸಂಜೆ ಜಾಮೀನಿಗೆ ಚಿಕ್ಕಬೋರಮ್ಮ ಬಂದಳು. ತಮ್ಮನನ್ನು ನೋಡಿದೊಡನೆ, "ಲೇ ಮುಂಡೇದೆ, ಮಜ್ಗೆ ಅನ್ನ ತಂದಿವ್ನಿ, ಉಣ್ಣು ಮೊದ್ಲು," ಎಂದು ಗದರಿದಳು. ಸುದ್ದಿ ಕೇಳಿ ಬಂದ ಚೌಡಯ್ಯ ಅವಳ ಹಿಂದೆ ನಿಂತಿದ್ದ. ಆಕೆಯ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ. ಬುತ್ತಿ ಬಿಚ್ಚಿದ ಆಕೆ ಅವನ ಮುಂದೆಯೂ ಒಂದು ಎಲೆ ಹಾಕಿದಳು. ಠಾಣೆಯ ಜನವೆಲ್ಲ ನೋಡುತ್ತಿದ್ದಂತೆ ಚೌಡಯ್ಯ ಕೂತು ಉಂಡ, ಇನ್ನೊಂದು ತುತ್ತನ್ನೂ ಕೇಳಿ ಹಾಕಿಸಿಕೊಂಡ.

ಯುಗಾದಿಯ ಹೊತ್ತಿಗೆ ಶಿವಣ್ಣ ಗುಡಿಕಟ್ಟೆಗೆ ಮರಳಿದ. ಬೆರಳ ಜೋಮು ಪೂರ್ತಿ ಹೋಗಿರಲಿಲ್ಲವಾದರೂ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದ. ಅತ್ತೆ ಅವನಿಗೆ ಈಗ ಹುರುಳಿಕಾಳಿನ ಬಸ್ಸಾರು ಬಡಿಸುತ್ತಿದ್ದಳು. ಬಾವಿಯ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿಯುವುದನ್ನು ಬಿಟ್ಟರು.

ಹೊನ್ನಯ್ಯ ತಪ್ಪೊಪ್ಪಿಕೊಂಡ, ಕೋರ್ಟು ದಂಡ ಹಾಕಿತು. ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ದನಕರುಗಳ ಜೀವದ ಭಯವೇ ಅವನಿಂದ ಈ ಕೃತ್ಯ ಮಾಡಿಸಿತು ಎಂದು ಸಂಪತ್ ಕುಮಾರ್ ಅಂತಿಮ ವರದಿಯಲ್ಲಿ ಬರೆದಿದ್ದರು. ವಶಪಡಿಸಿಕೊಂಡ ಮಾಲನ್ನು ನಾಶಪಡಿಸತಕ್ಕದ್ದೆಂದು ಕೋರ್ಟಿನ ಆದೇಶದ ಕೊನೆಯ ಸಾಲು ಹೇಳಿತ್ತು.

ಅಂಕಯ್ಯ ಉಗ್ರಾಣದಿಂದ ಡಬ್ಬಿಗಳನ್ನು ಹೊತ್ತು ಹಿತ್ತಲಿಗೆ ತಂದ. ಅಲ್ಲಿ ಬಾವಿಯಿತ್ತು, ಆಚೆ ಚರಂಡಿ, ಚರಂಡಿಯಾಚೆ ಯಾರದೋ ಎಮ್ಮೆ ಮೇಯುತ್ತಿತ್ತು.

"ಎಲ್ಲಿ ಸುರೀಲಿ ಸಾರ್?" ಎಂದು ಕೇಳಿದ.

ಸಂಪತ್ ಕುಮಾರ್ ಸುತ್ತಲೂ ಕಣ್ಣಾಡಿಸಿದರು. ಎಮ್ಮೆಯನ್ನೂ ನೋಡಿದರು.

"ಒಳಗೇ ಇಡಯ್ಯ," ಎಂದರು. "ಬೀಗ ಹಾಕು."