ಕೊಂಡವೀಧಿಯ ಸೋಮವಾರದ ನೀರು

ದುರ್ಗಾಪ್ರಸಾದ್ ತಮ್ಮ ಹಿತ್ತಲಿನ ನಲ್ಲಿಯ ಪಕ್ಕದಲ್ಲೇ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ನಲ್ಲಿ ಸುರಿಯುತ್ತಲೇ ಇತ್ತು. ಅದರ ಕೆಳಗಿದ್ದ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದ ಐದು ಕೊಡಗಳು ಖಾಲಿ.

ಇನ್ಸ್‌ಪೆಕ್ಟರ್ ರಾಮಚಂದ್ರ ಗುಡ್ಡದ ಬುಡದ ಠಾಣೆಯಿಂದ ಓಡಿ ಬಂದವನೇ ಕೈಗಡಿಯಾರ ನೋಡಿದ. ಐದು ಗಂಟೆ ನಲವತ್ತೆರಡು ನಿಮಿಷ. ಇನ್ನೂ ಮೂರು ನಿಮಿಷ ಕಳೆಯುವಷ್ಟರಲ್ಲಿ ನಲ್ಲಿ ಗೊರಗೊರ ಸದ್ದು ಮಾಡಿ ನಿಂತಿತು.

ಅದು ೧೯೮೮ರ ಮೇ ತಿಂಗಳು. ವಿಶಾಖಪಟ್ಟಣದ ಕೊಂಡವೀಧಿ ಎಂಬ ಆ ಗುಡ್ಡದ ಬೀದಿಗೆ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಬೆಳಗ್ಗೆ ಐದರಿಂದ ಐದೂಮುಕ್ಕಾಲು. ಆ ಮುಕ್ಕಾಲು ಗಂಟೆಯಲ್ಲಿ ಬೀದಿಯಲ್ಲಿ ಆನೆ ನಡೆದು ಹೋದರೂ ಯಾರೂ ತಲೆ ಎತ್ತಿ ನೋಡುವವರಲ್ಲ. ಎಲ್ಲರ ಕಣ್ಣೂ ಅವರವರ ನಲ್ಲಿಯ ಮೇಲೆ.

ಹೆಣವನ್ನು ಮೊದಲು ಕಂಡವಳು ಮೇಲಿನ ಸಾಲಿನ ಸೂರ್ಯಕಾಂತಮ್ಮ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಎಷ್ಟೊತ್ತಿಗೆ ನೋಡಿದ್ರಮ್ಮ?"

"ಐದೂವರೆಗೆ ಬಾಬು. ನಮ್ಮ ಮನೆಗೆ ನೀರು ಏರೋದಿಲ್ಲ ಅಂಡಿ. ಇಲ್ಲೇ ಕೇಳೋಣ ಅಂತ ಬಂದೆ. ನೋಡಿದ ತಕ್ಷಣ ಕೂಗಿಕೊಂಡೆ."

"ಇಲ್ಲಿ ಏನನ್ನಾದ್ರೂ ಮುಟ್ಟಿದ್ರಾ?"

"ಅಯ್ಯೋ, ಇಲ್ಲ ಅಂಡಿ!"

ತೆಲುಗಿನ ಮರ್ಯಾದೆಯ ‘ಅಂಡಿ’ ಸಮೇತ ಉತ್ತರ ಸ್ವಲ್ಪ ಬೇಗ ಬಂತು ಅನ್ನಿಸಿತು ರಾಮಚಂದ್ರನಿಗೆ. ಆದರೆ ಅಷ್ಟರಲ್ಲಿ ಕಾನ್‌ಸ್ಟೇಬಲ್ಲು ಬೇಲಿಯ ಮೂಲೆಯಿಂದ ಒಂದು ವಸ್ತು ಎತ್ತಿ ತಂದ. ನಾಲ್ಕಡಿ ಉದ್ದದ ಕಬ್ಬಿಣದ ಕೀಲಿ. ಬೀದಿಯ ನೀರಿನ ವಾಲ್ವ್ ತಿರುಗಿಸುವಂಥದ್ದು. ತುದಿಯಲ್ಲಿ ರಕ್ತ, ನಾಲ್ಕೈದು ಬಿಳಿ ಕೂದಲು.

ಆ ಕೀಲಿ ಹಿಡಿಯುತ್ತಿದ್ದವನು ಬೀದಿಯ ನೀರುಗಂಟಿ ಜಗನ್ಮೋಹನ್. ಸತ್ತವರ ಅಳಿಯ.

* * *

ದುರ್ಗಾಪ್ರಸಾದ್ ಮೂವತ್ತೆರಡು ವರ್ಷ ಇದೇ ಗುಡ್ಡಕ್ಕೆ ನೀರು ಬಿಟ್ಟು ನಿವೃತ್ತರಾದವರು. ಯಾವ ಕೊಳವೆ ಯಾವ ಮನೆಯ ಬುಡದಲ್ಲಿ ಹೋಗಿದೆ ಎನ್ನುವ ನಕ್ಷೆ ಕಚೇರಿಯಲ್ಲಿರಲಿಲ್ಲ, ಅವರ ತಲೆಯಲ್ಲಿತ್ತು. ಒಂದು ನೋಟ್‌ಬುಕ್ಕಿನಲ್ಲೂ ಇತ್ತು. ಪೊಲೀಸರು ಅದನ್ನು ಮನೆಯಲ್ಲೆಲ್ಲ ಹುಡುಕಿದರು, ಸಿಗಲಿಲ್ಲ.

ಅವರ ಹೆಂಡತಿ ಹೊಸಪೇಟೆಯವರು, ತೀರಿಹೋಗಿ ಆರು ವರ್ಷ. ಮಗಳು ಹೈಮಾವತಿ ಗಂಡ ಜಗನ್ಮೋಹನನೊಂದಿಗೆ ಪಕ್ಕದ ಬೀದಿಯಲ್ಲಿದ್ದಳು. ಅವಳಿಗೆ ಕನ್ನಡ ಬರುತ್ತಿತ್ತು, ಅಮ್ಮನಿಂದ ಕಲಿತಷ್ಟು. ಅಪ್ಪನನ್ನು ಮಾತ್ರ ತೆಲುಗಿನವರಂತೆ ನಾನ್ನ ಎನ್ನುತ್ತಿದ್ದಳು. ರಾಮಚಂದ್ರನೂ ಬಳ್ಳಾರಿಯ ಮನೆತನದವನೇ. ಅವನು ಕನ್ನಡದಲ್ಲಿ "ಕೂತ್ಕೊಳಮ್ಮ" ಅಂದದ್ದೇ ತಡ, ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು.

"ಹೋದ ವಾರ ಜಗಳ ಆಯ್ತು ಸರ್. ಮೇಲಿನ ಸಾಲಿಗೆ ನೀರು ಬರ್ತಿಲ್ಲ, ನೀನು ವಾಲ್ವ್ ಪೂರ್ತಿ ತಿರುಗಿಸ್ತಿಲ್ಲ, ನಿನ್ನ ಕೈಗೆ ಕೀಲಿ ಕೊಟ್ಟಿದ್ದೇ ತಪ್ಪು ಅಂದ್ರು ನಾನ್ನ. ಬೀದಿಯೆಲ್ಲ ನಿಂತು ನೋಡ್ತು. ಇವರು ಕಣ್ಣು ಕೆಂಪಗೆ ಮಾಡಿಕೊಂಡು, ಒಂದು ದಿನ ನೋಡ್ಕೋತೀನಿ ಅಂದ್ರು."

"ಆಮೇಲೆ?"

"ಆಮೇಲೆ ಮಾತೇ ಇಲ್ಲ ಇಬ್ಬರಿಗೂ." ಅವಳು ತಲೆ ಎತ್ತಿ ಕೇಳಿದಳು. "ಇವರೇನಾ ಸರ್?"

ರಾಮಚಂದ್ರ ಇಲ್ಲ ಎನ್ನಲಿಲ್ಲ. ಆ ಹೊತ್ತಿಗೆ ಅವನಿಗೂ ಅದೇ ಅನ್ನಿಸಿತ್ತು.

ಜಗನ್ಮೋಹನ್ ಹೇಳಿದ್ದು ಇಷ್ಟು. ಐದಕ್ಕೆ ಮಾವನ ಮನೆಯೆದುರಿನ ವಾಲ್ವ್ ಬಿಟ್ಟ. ಕೀಲಿಯನ್ನು ಎಂದಿನಂತೆ ಅವರ ಗೇಟಿಗೆ ಒರಗಿಸಿದ. ನೀರು ಏರುತ್ತದೋ ನೋಡೋಣವೆಂದು ಗುಡ್ಡ ಹತ್ತಿದ.

"ಯಾರು ನೋಡಿದ್ರು ನಿನ್ನನ್ನ?"

"ನೀರಿನ ಹೊತ್ತು ಸರ್. ಯಾರು ನೋಡ್ತಾರೆ?"

"ನಿಮ್ಮ ಮಾವನಿಗೂ ನಿನಗೂ ಆಗ್ತಿರಲಿಲ್ಲ."

"ಬೈತಿದ್ರು. ಆದ್ರೆ ಶನಿವಾರ ನೀರು ಬಿಟ್ಟಾಗ ಅವರೇ ಬಂದ್ರು ಸರ್. ಕೆಳಗಿಂದ ಮೇಲಿನವರೆಗೆ ಅಲ್ಲಲ್ಲಿ ಸಲಾಕೆಯನ್ನ ನೆಲಕ್ಕೂರಿ, ಇನ್ನೊಂದು ತುದಿ ಕಿವಿಗಿಟ್ಟು ಕೇಳಿದ್ರು. ಕೊಳವೆಯಲ್ಲಿ ನೀರು ಹರಿದ್ರೆ ಹಾಗೆ ಕೇಳಿಸುತ್ತೆ. ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟರು. ಏನೂ ಹೇಳದೆ ಹೋದ್ರು."

ಸಬ್‌ಇನ್ಸ್‌ಪೆಕ್ಟರು ನಕ್ಕ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. ಜಗನ್ಮೋಹನನನ್ನು ಲಾಕಪ್ಪಿಗೆ ಹಾಕಿದರು. ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಬುಧವಾರ ಹನ್ನೆರಡರವರೆಗೆ ಪೊಲೀಸರ ವಶಕ್ಕೆ ಕೊಟ್ಟರು. ಅದಾದ ಮೇಲೆ ಜೈಲು. ಹೈಮಾವತಿ ಗಂಡನಿಗೆ ಒಂದು ತುತ್ತು ಅನ್ನವನ್ನೂ ಕಳಿಸಲಿಲ್ಲ.

* * *

ಅದೇ ಸೋಮವಾರ ಬೆಳಗ್ಗೆ ಹತ್ತಕ್ಕೆ ಹಾರ ಹಿಡಿದು ಇಬ್ಬರು ಬಂದಿದ್ದರು. ಒಬ್ಬರು ಸತ್ಯಮೂರ್ತಿ, ನೀರು ಸರಬರಾಜಿನ ಸಹಾಯಕ ಎಂಜಿನಿಯರು. ಇದೇ ಊರಿನಲ್ಲಿ ಹುಟ್ಟಿ ಬೆಳೆದವರು. ಇನ್ನೊಬ್ಬ ಕೋಟೇಶ್ವರರಾವ್, ಮೇಲಿನ ಸಾಲಿಗೆ ಹೊಸ ಕೊಳವೆ ಹಾಕಿದ ಕಂಟ್ರಾಕ್ಟರು. ಬೆಜವಾಡ ಅಂತಲೂ ಕರೆಯುವ ವಿಜಯವಾಡದವನು, ಬೆಂಜ್ ಸರ್ಕಲ್ ಹತ್ತಿರ ಆಫೀಸು.

"ಈಗಷ್ಟೇ ಊರಾಚೆಯ ದುವ್ವಾಡ ಸ್ಟೇಷನ್ನಿನಲ್ಲಿ ರೈಲಿಳಿದೆ," ಅಂದ ಕೋಟೇಶ್ವರರಾವ್. "ಕೆಲಸ ನೋಡೋಣ ಅಂತ ಬಂದ್ರೆ ಹೀಗಾಗಿದೆ. ದೊಡ್ಡ ಮನುಷ್ಯ ಅಂಡಿ, ಪಾಪ."

ಸತ್ಯಮೂರ್ತಿ ಹಾರ ಇಟ್ಟು ಪಕ್ಕಕ್ಕೆ ಸರಿದರು. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದರು. ಮೇ ತಿಂಗಳ ಸೆಕೆ, ಸರಿ. ಆದರೆ ಅವರು ನಿಂತದ್ದು ಬೇವಿನ ನೆರಳಿನಲ್ಲಿ.

* * *

ಮಂಗಳವಾರ ಡಾಕ್ಟರ ವರದಿ ಬಂತು. ಪೆಟ್ಟು ಬಿದ್ದದ್ದು ಐದೂಕಾಲಿನ ಆಸುಪಾಸಿನಲ್ಲಿ.

ರಾಮಚಂದ್ರನಿಗೆ ಹಿತ್ತಲು ಕಣ್ಣ ಮುಂದೆ ಬಂತು. ಐದೂಕಾಲಿಗೆ ಮುದುಕ ಬಿದ್ದ. ನಲ್ಲಿಯನ್ನು ನೋಡುವವರಿಲ್ಲ. ತಾನು ಬಂದದ್ದು ಐದೂ ನಲವತ್ತೆರಡಕ್ಕೆ. ಅರ್ಧ ಗಂಟೆ ನೀರು ಸುರಿದಿದ್ದರೆ ಹಿತ್ತಲು ಕೆರೆಯಾಗಬೇಕಿತ್ತು. ಆದರೆ ಬೇಲಿಯ ಬುಡ ಒಣಗಿತ್ತು. ಅವನ ಬೂಟಿಗೂ ಕೆಸರು ಮೆತ್ತಿರಲಿಲ್ಲ. ಅಂದರೆ ನಲ್ಲಿಯನ್ನು ಯಾರೋ ಮುಟ್ಟಿದ್ದರು.

ನೇರವಾಗಿ ಸೂರ್ಯಕಾಂತಮ್ಮನ ಮನೆಗೆ ಹೋದ. ಜಗಲಿಯ ಮೇಲೆ ಎರಡು ಹಿತ್ತಾಳೆ ಕೊಡಗಳು. ಒಂದರಲ್ಲಿ ಕಂಠದವರೆಗೆ ನೀರು, ಇನ್ನೊಂದರಲ್ಲಿ ಅರ್ಧ.

"ನಿಮ್ಮ ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನ ಆಯ್ತಮ್ಮ?"

"ಮೂರು ತಿಂಗಳು ಬಾಬು."

"ಹಾಗಾದ್ರೆ ಈ ನೀರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಸೂರ್ಯಕಾಂತಮ್ಮ ಸರಿದು ಕೊಡಗಳಿಗೆ ಅಡ್ಡ ನಿಂತಳು. ಆಮೇಲೆ ಕುಸಿದು ಕೂತು ಅತ್ತಳು.

"ಪಾಪ ಮಾಡಿದೆ ಬಾಬು. ಅವರು ಬಿದ್ದಿದ್ರು. ಉಸಿರಿರಲಿಲ್ಲ. ಕೂಗಿದ್ರೆ ಜನ ಸೇರ್ತಾರೆ, ನೀರು ಹೋಗ್ಬಿಡುತ್ತೆ. ಮನೆಯಲ್ಲಿ ಜ್ವರದ ಮೊಮ್ಮಗು. ಎರಡು ಕೊಡ ಹಿಡಿದು ಮನೆಗಿಟ್ಟು, ವಾಪಸ್ ಬಂದು ಕೂಗಿದೆ."

ರಾಮಚಂದ್ರನಿಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಹೆಣದ ಪಕ್ಕದಲ್ಲಿ ಕೊಡ ತುಂಬಿಸುವ ಗತಿಗೆ ಇವಳನ್ನು ತಂದ ಊರಿನಲ್ಲಿ ತಾನೂ ಸಂಬಳ ತಿನ್ನುತ್ತಿದ್ದೇನೆ ಅನ್ನಿಸಿತು.

"ನೀವು ಹೋದಾಗ ನಲ್ಲಿ ಸುರೀತಿತ್ತಾ?"

"ಇಲ್ಲ ಅಂಡಿ. ಬಿಗಿಯಾಗಿ ಕಟ್ಟಿತ್ತು, ಯಾರೋ ತಿರುಗಿಸಿ ನಿಲ್ಲಿಸಿದ್ರು. ಕೆಳಗೆ ಬಕೆಟ್ಟು, ಅದೂ ಅರ್ಧ. ನಾನೇ ಬಿಟ್ಟೆ. ಆಮೇಲೆ ಬಕೆಟ್ಟು ಹೇಗಿತ್ತೋ ಹಾಗೇ ಇಟ್ಟೆ."

"ಉಳಿದ ಕೊಡ?"

"ಐದೂ ಖಾಲಿ."

* * *

ಮಧ್ಯಾಹ್ನ ಊಟಕ್ಕೆ ಕೂತಾಗ ರಾಮಚಂದ್ರ ಅನ್ನ ಕಲಸುತ್ತಲೇ ಇದ್ದ, ಬಾಯಿಗೆ ಹೋಗಲಿಲ್ಲ. ಹೆಂಡತಿ ಸುಲೋಚನಾ ಮಜ್ಜಿಗೆ ತಂದಿಟ್ಟಳು.

"ಏನ್ ಚಿಂತಿರೀ?"

"ಐದು ಕೊಡ ಖಾಲಿ ಇಟ್ಕೊಂಡು ಸುರಿಯೋ ನಳ ಯಾರಾದ್ರೂ ಬಂದ್ ಮಾಡ್ತಾರೇನೇ?"

"ಈ ಊರಾಗ? ಹುಚ್ಚು ಹಿಡಿದಿರಬೇಕು." ಸುಲೋಚನಾ ನಕ್ಕಳು. "ನಾನೇ ಮಾಡಿದ್ನಲ್ಲ, ಬೆಜವಾಡದಿಂದ ವರ್ಗ ಆಗಿ ಬಂದ ಹೊಸದಾಗ. ಅಲ್ಲಿ ದಿನಾ ಮೂರು ಹೊತ್ತು ನೀರು. ಕೈ ತೊಳದ ಮ್ಯಾಲೆ ನಳ ಬಂದ್ ಮಾಡದಿದ್ರ ಮನಿ ಮಾಲಕ್ರು ಬಯ್ತಿದ್ರು. ಇಲ್ಲಿ ಬಂದ್ ಮಾಡಿದ್ದಕ್ಕ ಪಕ್ಕದ ಮನಿಯಾಕಿ ಬೈದ್ಲು!"

ರಾಮಚಂದ್ರ ಎದ್ದೇ ಬಿಟ್ಟ.

"ಮಜ್ಜಿಗಿ?"

"ನೀನೇ ಕುಡಿ. ದುವ್ವಾಡಕ್ಕೆ ಹೋಗಿ ಬರ್ತೀನಿ."

ದಾರಿಯಲ್ಲಿ ಎಂಜಿನಿಯರರ ಕಚೇರಿಗೂ ಇಣುಕಿ, ಅಲ್ಲಿನ ಗುಮಾಸ್ತನನ್ನು ಮಾತಾಡಿಸಿ, ಶನಿವಾರದ ಟ್ರಂಕ್ ಕಾಲ್ ಚೀಟಿಗಳನ್ನು ತೆಗೆಸಿ ನೋಡಿದ.

* * *

ಬುಧವಾರ ಮತ್ತೆ ನೀರಿನ ದಿನ. ರಾಮಚಂದ್ರ ಎಂಜಿನಿಯರನ್ನೂ ಕಂಟ್ರಾಕ್ಟರನ್ನೂ ಕರೆಸಿದ್ದ. ಬೆಳಕು ಹರಿಯುವಾಗ ಮೇಲಿನ ಸಾಲಿನ ರಸ್ತೆಯಲ್ಲಿ ಇಬ್ಬರು ಕೂಲಿಯವರು ಗುಂಡಿ ತೋಡಿದ್ದರು. ನಾಲ್ಕಡಿ ಆಯಿತು, ಐದಡಿ ಆಯಿತು. ಕೊಳವೆ ಸಿಗಲಿಲ್ಲ.

"ಇನ್ನೂ ಕೆಳಗಿದೆ ಅಂಡಿ," ಅಂದ ಕೋಟೇಶ್ವರರಾವ್. ತಾನೇ ಬಗ್ಗಿ ಮಣ್ಣು ಕೆದರಿ ತೋರಿಸಿದ. ಸತ್ಯಮೂರ್ತಿಯವರೂ ಕೆದರಿದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವರಿಬ್ಬರೂ ಮೊಸರು ಮೊದಲೇ ತಿಂದಿದ್ದರು.

"ಇರಲಿ ಬಿಡಿ," ಅಂದ ರಾಮಚಂದ್ರ. "ಕೆಳಗೆ ಹೋಗಿ ಕೈ ತೊಳ್ಕೊಳ್ಳೋಣ. ಪಂಚನಾಮೆಗೆ ಎರಡು ಸಹಿ ಬೇಕು."

ದುರ್ಗಾಪ್ರಸಾದರ ಹಿತ್ತಲು. ಬೇರೊಬ್ಬ ನೀರುಗಂಟಿ ವಾಲ್ವ್ ಬಿಟ್ಟಿದ್ದ, ನಲ್ಲಿ ಸುರಿಯುತ್ತಿತ್ತು. ಕೆಳಗೊಂದು ಬಕೆಟ್ಟು, ಪಕ್ಕದಲ್ಲಿ ಐದು ಖಾಲಿ ಕೊಡ. ಬಾಗಿಲಲ್ಲಿ ಹೈಮಾವತಿ. ಬೇಲಿಯಾಚೆ ಸೂರ್ಯಕಾಂತಮ್ಮ, ಇನ್ನೂ ನಾಲ್ಕು ಹೆಂಗಸರು.

ಮೊದಲು ಸತ್ಯಮೂರ್ತಿ ಕೈ ತೊಳೆದರು. ಬಕೆಟ್ಟು ತುಂಬಿತ್ತು. ಯೋಚನೆಯೇ ಮಾಡದೆ ಅದನ್ನು ಸರಿಸಿ, ಕಾಲಿನಿಂದ ಖಾಲಿ ಕೊಡವೊಂದನ್ನು ಧಾರೆಯ ಕೆಳಗೆ ತಳ್ಳಿದರು. ಹಿಂದಕ್ಕೆ ಬಂದರು.

ಆಮೇಲೆ ಕೋಟೇಶ್ವರರಾವ್. ಉಗುರಿನ ಸಂದಿಯ ಮಣ್ಣನ್ನೂ ಬಿಡದೆ ತೊಳೆದ. ಕೈ ಕೊಡವಿದ. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದ.

"ಅಯ್ಯಯ್ಯೋ! ಯಾಕೆ ಕಟ್ಟಿದ್ರಿ?" ಬೇಲಿಯಾಚೆಯಿಂದ ಐದೂ ಹೆಂಗಸರು ಒಂದೇ ಬಾರಿ ಕೂಗಿದರು.

ಕೋಟೇಶ್ವರರಾವ್ ಬೆಪ್ಪಾಗಿ ನೋಡಿದ. ತಾನು ಮಾಡಿದ ತಪ್ಪೇನೆಂದು ಅವನಿಗೆ ಅರ್ಥವೇ ಆಗಲಿಲ್ಲ.

"ಸೋಮವಾರವೂ ಹೀಗೇ ಕಟ್ಟಿದ್ರಿ ರಾವ್‌ಗಾರು," ಅಂದ ರಾಮಚಂದ್ರ. "ರಕ್ತ ತೊಳ್ಕೊಂಡ ಮೇಲೆ."

"ಏನಂಡಿ ಇದು? ಸೋಮವಾರ ಒಂಬತ್ತಕ್ಕೆ ನಾನು ರೈಲಿಳಿದದ್ದು!"

ರಾಮಚಂದ್ರ ಕೈ ಬೀಸಿ ಕರೆದ. ಮನೆಯೊಳಗಿಂದ ಕನ್ನಡಕದ ಮನುಷ್ಯನೊಬ್ಬ ಹೊರಗೆ ಬಂದ. ದುವ್ವಾಡ ಸ್ಟೇಷನ್ನಿನ ಎದುರಿನ ಲಾಡ್ಜ್‌ನವನು.

"ಇವರೇ ಸರ್. ಭಾನುವಾರ ಸಾಯಂಕಾಲ ರೂಮು ತಗೊಂಡ್ರು. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸು ಅಂದ್ರು. ನಾನೇ ಆಟೋ ಕರೆಸಿದೆ. ಏಳಕ್ಕೆ ವಾಪಸ್ ಬಂದು ಅಂಗಿ ಬದಲಾಯಿಸಿದ್ರು. ಒದ್ದೆ ಅಂಗಿ, ಒಂದು ಹಳೆ ನೋಟ್‌ಬುಕ್ಕು, ಎರಡನ್ನೂ ಬಿಸಿನೀರಿನ ಒಲೆಗೆ ಹಾಕು ಅಂದ್ರು. ಅಂಗಿ ಸುಟ್ಟೆ. ನೋಟ್‌ಬುಕ್ಕಿನಲ್ಲಿ ಒಳ್ಳೆ ಚಿತ್ರ ಇತ್ತು, ಇಟ್ಕೊಂಡೆ."

ನೋಟ್‌ಬುಕ್ಕು ನೋಡಿದ ಹೈಮಾವತಿ ಬಾಗಿಲನ್ನು ಹಿಡಿದುಕೊಂಡಳು.

"ಬೀದಿಯವರೆಲ್ಲ ಜಗನ್ಮೋಹನನನ್ನ ಬೈದ್ರು," ಅಂದ ರಾಮಚಂದ್ರ. "ಮೇಲಿನ ಸಾಲಿಗೆ ನೀರು ಬಿಡಲ್ಲ ಅಂತ. ಅವನು ಬಿಡ್ತಾನೇ ಇದ್ದ. ಅಲ್ಲಿಗೆ ಕೊಳವೆಯೇ ಇಲ್ಲ. ಹಳೇದನ್ನ ಕಿತ್ತರು, ಹೊಸದನ್ನ ಹಾಕಲಿಲ್ಲ, ಮಣ್ಣು ಮುಚ್ಚಿ ಬಿಲ್ ಎತ್ತಿದ್ರು. ನೆಲದ ಒಳಗಿದ್ದದ್ದು ಯಾರಿಗೆ ಕಾಣುತ್ತೆ? ದುರ್ಗಾಪ್ರಸಾದರಿಗೆ ಕೇಳಿಸ್ತು. ಶನಿವಾರ ಅವರು ಸಲಾಕೆಗೆ ಕಿವಿ ಇಟ್ಟಾಗ ಅರ್ಧ ಗುಡ್ಡದ ಮೇಲೆ ಸದ್ದೇ ಇಲ್ಲ. ಕಚೇರಿಗೆ ಹೋಗಿ, ಸೋಮವಾರ ಕಮಿಷನರನ್ನ ಕರೆತಂದು ನೆಲ ಅಗೆಸ್ತೀನಿ ಅಂದ್ರು. ಅಲ್ವಾ ಸತ್ಯಮೂರ್ತಿಗಾರು? ನೀವು ಯಾರಿಗೆ ಟ್ರಂಕ್ ಕಾಲ್ ಮಾಡಿದ್ರಿ?"

ಸತ್ಯಮೂರ್ತಿ ನೆಲದ ಮೇಲೆ ಕೂತರು. "ಬಂದು ಮುದುಕರ ಹತ್ತಿರ ಮಾತಾಡು ಅಂದೆ ಸರ್. ಕೊಲ್ಲು ಅನ್ನಲಿಲ್ಲ. ಬಿಲ್ಲಿನ ಸಹಿ ನಂದೇ, ತಪ್ಪು ನಂದೇ. ಕೊಲೆ ನಂದಲ್ಲ."

"ಇವರು ಬಂದ್ರು. ಮಾತಾಡಿದ್ರು. ಮುದುಕರು ಒಪ್ಪಲಿಲ್ಲ. ನಲ್ಲಿಯ ಕಡೆ ತಿರುಗಿದ್ರು. ಗೇಟಿಗೆ ಒರಗಿಸಿದ ಕೀಲಿ ಇವರ ಕೈಗೆ ಸಿಕ್ತು. ಒಳಗೆ ಹೋಗಿ ನೋಟ್‌ಬುಕ್ ತಗೊಂಡ್ರು. ಎಲ್ಲ ಸರಿಯಾಗೇ ಮಾಡಿದ್ರು. ಆದ್ರೆ ನೀರು ಬೇಕಾದಷ್ಟಿರೋ ಊರಲ್ಲಿ ಬೆಳೆದ ಕೈ ಅದು, ತೊಳೆದ ಕೂಡಲೇ ನಲ್ಲಿ ಕಟ್ಟಿತು. ಈ ಗುಡ್ಡದವರು ಕೊಲೆ ಮಾಡಿ ಓಡಿದ್ರೂ, ಸುರಿಯೋ ನಲ್ಲಿ ಮಾತ್ರ ಕಟ್ಟೋದಿಲ್ಲ."

ಕೋಟೇಶ್ವರರಾವ್ ಗೇಟಿನ ಕಡೆ ನೋಡಿದ. ಅಲ್ಲಿ ಕಾನ್‌ಸ್ಟೇಬಲ್ಲು ನಿಂತಿದ್ದ.

"ಹೆಸರು ಹೋಗ್ತಿತ್ತು," ಅಂದ ಕೊನೆಗೆ. "ಅಷ್ಟು ಬೇಡಿಕೊಂಡೆ. ಮುದುಕ ಬೆನ್ನು ತಿರುಗಿಸಿದ."

* * *

ಹನ್ನೊಂದಕ್ಕೆ ಜಗನ್ಮೋಹನನನ್ನು ಬಿಟ್ಟರು. ಜೀಪಿನಲ್ಲಿ ರಾಮಚಂದ್ರನೇ ಕರೆತಂದ. ಎರಡು ದಿನದ ಗಡ್ಡ. ಬಲ ಕೆನ್ನೆಯಲ್ಲಿ ಸಬ್‌ಇನ್ಸ್‌ಪೆಕ್ಟರನ ಬೆರಳಿನ ಬಾಸುಂಡೆ. ಅದಕ್ಕೆ ರಾಮಚಂದ್ರ ಕ್ಷಮೆ ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಜೀಪು ಗೇಟಿನೆದುರು ನಿಂತಿತ್ತು.

ಹೈಮಾವತಿ ಅಪ್ಪನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬನ್ನಿ ಅನ್ನುವುದಕ್ಕೂ ಅವಳಿಗೆ ಧೈರ್ಯವಿರಲಿಲ್ಲ.

"ಜಗಳದ ಮಾತು ಪೊಲೀಸರಿಗೆ ಹೇಳಿದ್ದು ನಾನೇ," ಅಂದಳು.

"ಗೊತ್ತು."

"ನಾನು ನಂಬಿಬಿಟ್ಟೆ. ನೀವೇ ಅಂತ."

"ಅದೂ ಗೊತ್ತಾಯ್ತು. ಎರಡು ದಿನ ಊಟ ಬರಲಿಲ್ಲ."

ಅವಳು ಅಳಲಿಲ್ಲ. ರಾಮಚಂದ್ರನ ಕಡೆ ನೋಡಿದಳು. ನೀವೂ ಇಲ್ಲ ಎನ್ನಲಿಲ್ಲವಲ್ಲ ಅನ್ನುವ ನೋಟ. ಅದು ನಿಜವೇ ಆಗಿತ್ತು. ಕೊಲೆಗಾರ ಸಿಕ್ಕಿದ್ದ, ಆದರೆ ಈ ಮನೆಯಲ್ಲಿ ಒಡೆದದ್ದನ್ನು ಕೂಡಿಸುವ ಕಲಂ ಯಾವ ಕಾನೂನಿನಲ್ಲೂ ಇರಲಿಲ್ಲ.

ಜಗನ್ಮೋಹನ್ ಚಪ್ಪಲಿ ಬಿಟ್ಟ.

"ಮಾವನಿಗೆ ಗಂಡು ಮಕ್ಕಳಿಲ್ಲ," ಅಂದ. "ಬೆಂಕಿ ಯಾರು ಇಡ್ತಾರೆ?"

"ಗೊತ್ತಿಲ್ಲ."

"ನಾನಿಡ್ತೀನಿ. ಹದಿಮೂರು ದಿನದ್ದೂ ಮಾಡ್ತೀನಿ. ಅದೆಲ್ಲ ಮುಗೀಲಿ. ನೀನೂ ನಾನೂ ಏನು ಮಾತಾಡೋದು ಅಂತ ಆಮೇಲೆ ನೋಡೋಣ."

ಅವಳು ಪಕ್ಕಕ್ಕೆ ಸರಿದಳು. ಅವನು ಅವಳನ್ನು ಮುಟ್ಟದೆ, ತಲೆ ತಗ್ಗಿಸಿಕೊಂಡು ಒಳಗೆ ಹೋದ.